ಹಿಂದಿನ ಬೆಂಚಿನಲ್ಲಿ ಕೂತು ನೋಡಿದ ಪಾಠ

ಅವತ್ತು ಮಧ್ಯಾಹ್ನ ಸ್ಟಾಫ್ ಮೀಟಿಂಗ್. ಮುಂದಿನ ವರ್ಷಕ್ಕೆ ಶಾಲಾ ಅಭಿವೃದ್ಧಿ ಯೋಜನೆ ಬರೆಯಬೇಕಿತ್ತು. ಒಬ್ಬೊಬ್ಬರಾಗಿ ಹೇಳುತ್ತಾ ಹೋದೆವು. ಇನ್ನೆರಡು ಕೊಠಡಿ ಬೇಕು, ಲ್ಯಾಬ್‌ಗೆ ಸಾಮಾನು ಬೇಕು, ಕಾಂಪೌಂಡ್ ಎತ್ತರಿಸಬೇಕು, ಕಂಪ್ಯೂಟರ್ ಬೇಕು. ಮುಖ್ಯ ಶಿಕ್ಷಕರು ಎಲ್ಲವನ್ನೂ ಬರೆದುಕೊಂಡರು. ಪಟ್ಟಿ ಒಂದು ಪುಟ ದಾಟಿತು.

ಗಣಿತದ ಮೇಡಂ ಮೀಟಿಂಗ್‌ನಲ್ಲಿ ಜಾಸ್ತಿ ಮಾತಾಡುವವರಲ್ಲ. ಅವತ್ತು ಪಟ್ಟಿಯನ್ನು ಕೈಗೆ ತೆಗೆದುಕೊಂಡು ಪೂರ್ತಿ ಓದಿದರು. ಆಮೇಲೆ, “ಸರ್, ಇದೆಲ್ಲ ಬೇಕು, ನಿಜ. ಆದ್ರೆ ಎಲ್ಲವನ್ನೂ ಬೇರೆ ಯಾರೋ ಕೊಡ್ಬೇಕು. ನಾವೇ ಸೇರಿ ಮಾಡೋ ಕೆಲಸ ಇದರಲ್ಲಿ ಒಂದೂ ಇಲ್ವಲ್ಲ?” ಎಂದರು.

ಯಾರೂ ಮಾತಾಡಲಿಲ್ಲ. ಅವರೇ ಮುಂದುವರಿಸಿದರು. “ಭಿನ್ನರಾಶಿ ಪಾಠ ಪ್ರತಿ ವರ್ಷ ಮಾಡ್ತೀನಿ. ಪ್ರತಿ ವರ್ಷ ಅರ್ಧ ತರಗತಿಗೆ ಅದು ತಲೆಗೆ ಹತ್ತೋದೇ ಇಲ್ಲ. ಎಲ್ಲಿ ತಪ್ಪುತ್ತಿದೆ ಅಂತ ಬೋರ್ಡ್ ಹತ್ರ ನಿಂತವಳಿಗೆ ಕಾಣ್ಸೋದಿಲ್ಲ. ನಾಳೆ ಮೂರನೇ ಪೀರಿಯಡ್‌ಗೆ ಇಬ್ಬರು ಬಂದು ಹಿಂದೆ ಕೂತ್ಕೊಳ್ಳಿ. ನನ್ನನ್ನು ನೋಡ್ಬೇಡಿ, ಮಕ್ಕಳನ್ನು ನೋಡಿ.”

ಹೀಗೆ ಕೇಳುವುದು ಸಣ್ಣ ಮಾತಲ್ಲ. ನಮ್ಮ ಕೆಲಸದಲ್ಲಿ ಇನ್ನೊಬ್ಬರು ತರಗತಿಯೊಳಗೆ ಬಂದು ಕೂತರೆ ಅದು ತಪಾಸಣೆ ಅಂತಲೇ ಅರ್ಥ. ಎಷ್ಟೋ ವರ್ಷ ಪಕ್ಕಪಕ್ಕದ ಕೊಠಡಿಯಲ್ಲಿ ಪಾಠ ಮಾಡಿದರೂ ಒಬ್ಬರ ಪಾಠ ಇನ್ನೊಬ್ಬರು ನೋಡಿರುವುದಿಲ್ಲ. ನಾನೂ ವಿಜ್ಞಾನದ ಸರ್ರೂ ಒಪ್ಪಿಕೊಂಡೆವು. ನನಗೆ ಆ ಹೊತ್ತಿಗೆ ಆರನೇ ತರಗತಿ ಇತ್ತು. “ಅದನ್ನು ನಾನು ನೋಡ್ಕೋತೀನಿ, ನೀವು ಹೋಗಿ” ಎಂದರು ಮುಖ್ಯ ಶಿಕ್ಷಕರು. ಆ ಒಂದು ಪೀರಿಯಡ್ ಅವರು ಬಿಡಿಸಿಕೊಡದೇ ಇದ್ದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಶಿಕ್ಷಕರು ಮುಂದೆ ಬರಬೇಕು ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೆ ಸಮಯ ಕೊಡುವವರು ಕಡಿಮೆ.

ಮರುದಿನ ಕಿಟಕಿ ಕಡೆಯ ಕೊನೇ ಬೆಂಚಿನಲ್ಲಿ ಕೂತೆ. ಮೇಡಂ ಬೋರ್ಡ್ ಮೇಲೆ 1/3, 1/4 ಬರೆದು ಕೇಳಿದರು: “ಯಾವುದು ದೊಡ್ಡದು? ಯಾಕೆ?” ನನ್ನ ಪಕ್ಕದ ಹುಡುಗಿ ತಕ್ಷಣ 1/4 ಅಂತ ಬರೆದಳು. ಮೂರಕ್ಕಿಂತ ನಾಲ್ಕು ದೊಡ್ಡದು ಅಲ್ವಾ, ಹಾಗೆ. ಆದರೆ ಪೆನ್ಸಿಲ್ ಅಲ್ಲೇ ನಿಂತಿತು. ಏನೋ ಅನುಮಾನ ಬಂದಿರಬೇಕು. ಸ್ಕೇಲ್ ಇಟ್ಟು ಒಂದರ ಕೆಳಗೊಂದು ಸಮ ಉದ್ದದ ಎರಡು ಗೆರೆ ಎಳೆದಳು. ಮೊದಲನೆಯದನ್ನು ಮೂರು ಭಾಗ ಮಾಡಿದಳು. ಎರಡನೆಯದಕ್ಕೆ ನಡುವೆ ಒಂದು ಗುರುತು ಹಾಕುವಷ್ಟರಲ್ಲಿ ಮುಂದಿನ ಬೆಂಚಿನ ಹುಡುಗ “1/3” ಎಂದು ಕೂಗಿದ. “ಸರಿ” ಎಂದು ಮೇಡಂ ಮುಂದಿನ ಲೆಕ್ಕಕ್ಕೆ ಹೋದರು. ಹುಡುಗಿ ಎರಡೂ ಗೆರೆ ಅಳಿಸಿ, ಬೋರ್ಡ್ ನೋಡಿ ಉತ್ತರ ಬರೆದುಕೊಂಡಳು. ಅವಳ ನೋಟ್‌ಬುಕ್ ತಿದ್ದುವವರಿಗೆ ಅಲ್ಲಿ ಕಾಣುವುದು ಸರಿಯುತ್ತರ ಮಾತ್ರ.

ಬಿಡುವಿನಲ್ಲಿ ಮೂವರೂ ಕೂತೆವು. ನಾನು ಆ ಎರಡು ಗೆರೆಗಳನ್ನು ಒಂದು ಹಾಳೆಯಲ್ಲಿ ಹಾಗೇ ಬರೆದು ತೋರಿಸಿದೆ. ಮೇಡಂ ತುಂಬಾ ಹೊತ್ತು ಅದನ್ನೇ ನೋಡುತ್ತಿದ್ದರು. “ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟಿದ್ರೆ ಅವಳೇ ಕಂಡ್ಕೋತಿದ್ಲು” ಎಂದರು.

ವಿಜ್ಞಾನದ ಸರ್ ಆಗ ಮೇರಿ ಬಡ್ ರೋ ಅವರ ವಿಷಯ ಹೇಳಿದರು. ಅಮೆರಿಕದ ಆ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಟೇಪ್‌ಗಳನ್ನು ಕೇಳಿ ಲೆಕ್ಕ ಹಾಕಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸುಮಾರು 1 ಸೆಕೆಂಡ್ ಅಷ್ಟೇ. ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಉತ್ತರವೇ ಬಾರದೆ ಹೋಗುವುದು ಕಡಿಮೆಯಾಗುತ್ತದೆ, ಹಿಂದುಳಿದವರು ಎಂದುಕೊಂಡ ಮಕ್ಕಳೂ ಬಾಯಿ ಬಿಡುತ್ತಾರೆ. ಮಗು ಉತ್ತರ ಹೇಳಿದ ಮೇಲೂ ಹಾಗೇ ಕಾಯಬೇಕು, “ಸರಿ” ಅಂತ ಬಾಗಿಲು ಹಾಕಿಬಿಡಬಾರದು.

ನಾವು ಮಾಡಿದ್ದು ಹೊಸದೇನಲ್ಲ. ಜಪಾನಿನ ಶಾಲೆಗಳಲ್ಲಿ ಶಿಕ್ಷಕರು ಸೇರಿ ಒಂದು ಪಾಠ ಯೋಜಿಸುತ್ತಾರೆ. ಒಬ್ಬರು ಪಾಠ ಮಾಡುತ್ತಾರೆ, ಉಳಿದವರು ಮಕ್ಕಳನ್ನು ಗಮನಿಸುತ್ತಾರೆ, ಆಮೇಲೆ ಕೂತು ಚರ್ಚಿಸುತ್ತಾರೆ. ನೂರು ವರ್ಷಕ್ಕೂ ಹಳೆಯ ಪದ್ಧತಿ ಅದು. ನಮ್ಮಲ್ಲಿ ಅದು ಶುರುವಾಗಿದ್ದು ಒಬ್ಬರು ತಮ್ಮ ಸೋಲನ್ನು ಎಲ್ಲರೆದುರು ಹೇಳಿಕೊಂಡಿದ್ದರಿಂದ. ನನ್ನ ಪ್ರಕಾರ ಅವತ್ತು ಶಾಲೆಯನ್ನು ಮುನ್ನಡೆಸಿದ್ದು ಅವರೇ. ಯಾವ ಹುದ್ದೆಯೂ ಅವರಿಗಿರಲಿಲ್ಲ.

ಯೋಜನೆಯ ಪಟ್ಟಿ ಹಾಗೇ ಉಳಿಯಿತು. ಕೊಠಡಿ, ಲ್ಯಾಬ್ ಎಲ್ಲ ಬೇಕಾದ್ದೇ. ಅದರ ಮೇಲೆ ಒಂದು ಸಾಲು ಸೇರಿತು: ತಿಂಗಳಿಗೊಮ್ಮೆ ಪ್ರತಿಯೊಬ್ಬ ಶಿಕ್ಷಕರೂ ಇನ್ನೊಬ್ಬರ ತರಗತಿಯಲ್ಲಿ ಕೂರಬೇಕು. ಇಬ್ಬರಿಗೆ ಇದು ಇಷ್ಟವಾಗಲಿಲ್ಲ. ಅವರನ್ನು ಒತ್ತಾಯಿಸುವುದು ಬೇಡ ಎಂದೇ ನಾನು ಹೇಳಿದೆ. ಹೆದರಿಸಿ ತರಗತಿಯ ಬಾಗಿಲು ತೆರೆಸಿದರೆ ಮತ್ತೆ ತಪಾಸಣೆಯೇ ಆಗಿಬಿಡುತ್ತದೆ.

ಮುಂದಿನ ವಾರ ನನ್ನ ಸರದಿ. ಗಣಿತದ ಮೇಡಂ ನನ್ನ ಭಾಷಾ ಪಾಠಕ್ಕೆ ಬಂದು ಕೂತರು. ಪ್ರಶ್ನೆ ಕೇಳಿ ಮನಸ್ಸಲ್ಲೇ ಒಂದು, ಎರಡು, ಮೂರು ಎಣಿಸಿದೆ. ಮೂರು ಸೆಕೆಂಡ್ ಅಷ್ಟು ಉದ್ದ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಪಾಠ ಚೆನ್ನಾಗಿಯೇ ಆಯಿತು ಅಂದುಕೊಂಡೆ. ಗಂಟೆ ಹೊಡೆದ ಮೇಲೆ ಮೇಡಂ ಒಂದು ಚೀಟಿ ಕೊಟ್ಟರು. ಅದರಲ್ಲಿ ನಾಲ್ಕು ಹೆಸರು. ಇಡೀ ಪೀರಿಯಡ್‌ನಲ್ಲಿ ನಾನು ಒಂದು ಸಲವೂ ಮಾತಾಡಿಸದ ಮಕ್ಕಳು.

ಆ ಚೀಟಿ ನನ್ನ ಹಾಜರಿ ಪುಸ್ತಕದಲ್ಲೇ ಇದೆ. ಮೂರು ಹೆಸರಿನ ಮುಂದೆ ಟಿಕ್ ಹಾಕಿದ್ದೇನೆ. ನಾಲ್ಕನೆಯವನು ಇನ್ನೂ ಬಾಯಿ ಬಿಟ್ಟಿಲ್ಲ. ನಾಳೆ ಮೊದಲ ಪೀರಿಯಡ್ ಅದೇ ತರಗತಿ.