ಎದುರುಮನೆ ಹುಡುಗನ ಬ್ರೂವರಿ ಮತ್ತು ನನ್ನ ಸಹಿ

9 ಜೂನ್ 2024, ಭಾನುವಾರ
ಇಂದಿರಾನಗರ, ಬೆಂಗಳೂರು

ನಿವಾಸಿಗಳ ಸಂಘದ ಸಭೆ ಮುಗಿಸಿ ಬಂದು ಬಹಳ ಹೊತ್ತಾಯಿತು. ಅತ್ತೆಗೆ ಊಟ ಬಡಿಸಿ, ಮಾತ್ರೆ ಕೊಟ್ಟು ಮಲಗಿಸಿದ್ದೂ ಆಯಿತು. ಮನಸ್ಸು ಮಾತ್ರ ಇನ್ನೂ ತಹಬಂದಿಗೆ ಬಂದಿಲ್ಲ. ಎದುರುಮನೆ ಹುಡುಗ ಸಾಫ್ಟ್‌ವೇರ್ ಕೆಲಸ ಬಿಟ್ಟು ನಮ್ಮ ಅಡ್ಡರಸ್ತೆಯ ಮೂಲೆ ನಿವೇಶನದಲ್ಲಿ ಬಿಯರನ್ನು ಅಲ್ಲೇ ತಯಾರಿಸಿ ಬಡಿಸುವ ಮೈಕ್ರೊಬ್ರೂವರಿ ತೆರೆಯಲು ಹೊರಟಿರುವ ವಿಷಯವನ್ನು ಚರ್ಚಿಸಲೆಂದೇ ಕರೆದ ಸಭೆ ಅದು. ಆದರೆ ಅಲ್ಲಿ ಹೆಚ್ಚು ಹೊತ್ತು ನಡೆದದ್ದು ಅವನ ಸಂಸ್ಕಾರದ, ತೀರಿಕೊಂಡ ಅವನ ತಂದೆಯ ಹೆಸರಿನ ಮತ್ತು ಅವನಿಗೆ ಇನ್ನು ಹೆಣ್ಣು ಕೊಡುವವರು ಯಾರು ಎಂಬುದರ ವಿಚಾರಣೆ. ಅವನ ತಾಯಿ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ನನಗೆ ತಡೆಯಲಾಗದಷ್ಟು ಸಂಕಟವಾಯಿತು.

ನಿನ್ನೆ ಸಂಜೆ ಅವನೇ ಮನೆಗೆ ಬಂದಿದ್ದ. ಜೇಬಿನಿಂದ ಸಣ್ಣ ಪೊಟ್ಟಣ ತೆಗೆದು ನನ್ನ ಅಂಗೈಗೆ ನಾಲ್ಕು ಕಾಳು ಸುರಿದು, "ಬಾಯಿಗೆ ಹಾಕಿಕೊಳ್ಳಿ ಆಂಟಿ, ಇದರಲ್ಲಿ ಮದ್ಯ ಇಲ್ಲ" ಎಂದ. ಬಾರ್ಲಿಯ ಮಾಲ್ಟ್. ಹಲ್ಲಿಗೆ ಸಿಕ್ಕೊಡನೆ ಗರಿಗರಿ ಮುರಿದು, ಆಮೇಲೆ ನಿಧಾನವಾಗಿ ಸಿಹಿಯಾಯಿತು. ಪರಿಮಳ ಥೇಟ್ ಹುರಿಹಿಟ್ಟಿನದು. ಅವನು ಮಗುವಾಗಿದ್ದಾಗ ಅವನಜ್ಜಿ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಮಾಲ್ಟ್ ಮಾಡುತ್ತಿದ್ದುದನ್ನು ನಾನೇ ನೋಡಿದ್ದೇನೆ. ಬಾರ್ಲಿಗೂ ಅದೇ ಕ್ರಮವಂತೆ. ಮೊಳಕೆಯೊಡೆದ ಕಾಳನ್ನು ಪುಡಿಮಾಡಿ ಸುಮಾರು 65 ಡಿಗ್ರಿ ಶಾಖದ ನೀರಿನಲ್ಲಿಟ್ಟರೆ ಪಿಷ್ಟವೆಲ್ಲ ಸಕ್ಕರೆಯಾಗುತ್ತದೆ, ಆ ರಸಕ್ಕೆ ಕಹಿ ಕೊಡುವ ಹಾಪ್ಸ್ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಬೇಕು ಎಂದು ವಿವರಿಸುವಾಗ ಅವನ ಮುಖದಲ್ಲಿದ್ದ ಕಳೆಯನ್ನು ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ. ಅವನು ಬರೆದ ಪ್ರೋಗ್ರಾಂ ಅಮೆರಿಕದ ಯಾವುದೋ ವಿಮಾ ಕಂಪನಿಯ ಬಿಲ್ಲುಗಳನ್ನು ತಯಾರಿಸುತ್ತಿತ್ತಂತೆ. ಅದನ್ನು ಬಳಸುವ ಒಬ್ಬ ಮನುಷ್ಯನನ್ನೂ ಅವನು ನೋಡಿದವನಲ್ಲ. ಕೆಲಸ ಬಿಟ್ಟ ಮೇಲೆ ಇನ್ನೊಬ್ಬರ ಬ್ರೂವರಿಯಲ್ಲಿ ಟ್ಯಾಂಕು ತೊಳೆಯುತ್ತ ಕಲಿತನಂತೆ. "ಈ ಕೆಲಸದಲ್ಲಿ ಮುಕ್ಕಾಲು ಪಾಲು ತೊಳೆಯುವುದೇ ಆಂಟಿ" ಎಂದ.

ಆಗ ನಾನು ಕೇಳಬೇಕಾದದ್ದನ್ನು ಕೇಳಿದೆ: "ರಾತ್ರಿ ಮೋಟಾರು ಓಡುತ್ತದೆಯೇನಪ್ಪ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ನಿಜವನ್ನೇ ಹೇಳಿದ. ಹುದುಗುವಾಗ ಯೀಸ್ಟ್ ತಾನೇ ಶಾಖ ಹುಟ್ಟಿಸುತ್ತದೆ. ಏಲ್ ಎಂಬ ಬಗೆಯ ಬಿಯರನ್ನು 20 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡಬೇಕು, ಲಾಗರ್ ಎಂಬ ಇನ್ನೊಂದು ಬಗೆಯಾದರೆ ಇನ್ನೂ ತಣ್ಣಗೆ, ವಾರಗಟ್ಟಲೆ. ಆದ್ದರಿಂದ ಟ್ಯಾಂಕುಗಳನ್ನು ತಂಪಾಗಿಡುವ ಚಿಲ್ಲರ್ ಹಗಲು ರಾತ್ರಿ ಓಡುತ್ತಲೇ ಇರಬೇಕು. ಅದನ್ನು ಇಡುವುದು ಮಹಡಿಯ ಮೇಲೆ. ಆ ಮಹಡಿಗೂ ಅತ್ತೆ ಮಲಗುವ ಕೋಣೆಯ ಕಿಟಕಿಗೂ ನಡುವೆ ಇರುವುದು ಒಂದು ಹೊಂಗೆ ಮರ ಮಾತ್ರ.

ಇಂದಿನ ಸಭೆಯಲ್ಲಿ ಈ ಚಿಲ್ಲರಿನ ಮಾತನ್ನು ಯಾರೂ ಎತ್ತಲಿಲ್ಲ. ಸಂಗೀತದ ಗದ್ದಲವಾದರೆ ದೂರು ಕೊಡಲು ಒಂದು ದಾರಿಯಾದರೂ ಇದೆ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಹಾಕಿದರೆ ಪೊಲೀಸರಿಗೆ ಫೋನು ಮಾಡಬಹುದು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಯಂತ್ರದ ಗುಂಯ್‌ಗುಡುವಿಕೆಗೂ ಆ ಮಿತಿ ಅನ್ವಯಿಸುತ್ತದೆ, ಆದರೆ ನಡುರಾತ್ರಿ ಅದನ್ನು ಅಳೆಯಲು ಯಾರು ಬರುತ್ತಾರೆ? ರಸ ತೆಗೆದ ಮೇಲೆ ಉಳಿಯುವ ಕಾಳಿನ ಚರಟದ ಮಾತೂ ಬರಲಿಲ್ಲ. ಅದು ದನಗಳಿಗೆ ಒಳ್ಳೆಯ ಮೇವು ನಿಜ, ಆದರೆ ಒಯ್ಯುವವರು ಒಂದು ದಿನ ತಪ್ಪಿಸಿದರೆ ನಮ್ಮ ಸೆಕೆಗೆ ಹುಳಿತು ನಾರುತ್ತದೆ. ನೀರಿನ ಮಾತು ಬಂದದ್ದು ನಿಜ. ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿದ್ದನ್ನು ಒಬ್ಬರು ನೆನಪಿಸಿದರು, ಆದರೆ ಅದೂ ಮರುಕ್ಷಣವೇ ಕುಡುಕರ ಮೇಲಿನ ಬೈಗುಳದಲ್ಲಿ ಮುಳುಗಿಹೋಯಿತು.

ಈ ರಸ್ತೆಗಳ ಪಾಡು ಇಂದು ನಿನ್ನೆಯದಲ್ಲ. 2007ರಲ್ಲಿ ಜಾರಿಗೆ ಬಂದ ನಗರದ ಮಹಾಯೋಜನೆ ಮಿಶ್ರ ಬಳಕೆಗೆ, ಅಂದರೆ ಮನೆಗಳ ನಡುವೆ ವ್ಯಾಪಾರಕ್ಕೆ, ಬಾಗಿಲು ತೆರೆದ ಮೇಲೆ, ನೂರಡಿ ರಸ್ತೆ, ಹನ್ನೆರಡನೇ ಮೇನ್ ದಾಟಿ ಅಂಗಡಿಗಳೂ ಪಬ್ಬುಗಳೂ ಒಳಗಿನ ಅಡ್ಡರಸ್ತೆಗಳಿಗೆ ನುಗ್ಗಿದವು. ನಿವಾಸಿಗಳು ಹೈಕೋರ್ಟಿನವರೆಗೂ ಹೋದರು. ಆ ಹೋರಾಟ ನ್ಯಾಯವಾದದ್ದೆಂದು ಇಂದಿಗೂ ನಂಬಿದ್ದೇನೆ. ಮನೆಗಳ ನಡುವೆ ಬ್ರೂವರಿ ಬೇಡ ಎನ್ನುವುದಕ್ಕೆ ಬಿಯರ್ ಪಾಪವೆಂದು ಸಾಧಿಸಬೇಕಾಗಿಲ್ಲ, ಒಬ್ಬ ತಾಯಿಯನ್ನು ನಾಲ್ಕು ಜನರೆದುರು ಕುಗ್ಗಿಸಬೇಕಾಗಿಯೂ ಇಲ್ಲ.

ಅಧ್ಯಕ್ಷರು ಮನವಿಪತ್ರದ ಪ್ರತಿಯನ್ನು ಮನೆಗೇ ಕಳುಹಿಸಿದ್ದಾರೆ. ಅದರ ಮೊದಲ ಸಾಲಿನಲ್ಲೇ "ಬಡಾವಣೆಯ ಸಂಸ್ಕೃತಿಗೆ ಧಕ್ಕೆ" ಎಂದಿದೆ. ಆ ಸಾಲು ತೆಗೆದು ಚಿಲ್ಲರು, ಚರಟ, ನೀರು, ಪಾರ್ಕಿಂಗ್ ಎಂದು ಬರೆದುಕೊಟ್ಟರೆ ಮಾತ್ರ ಸಹಿ ಹಾಕುವೆನೆಂದು ನಾಳೆ ಬೆಳಿಗ್ಗೆಯೇ ಹೇಳಬೇಕು. ಆದರೆ ಹಾಗೆ ಬರೆದರೆ ಅರ್ಜಿಗೆ ನಿಜವಾದ ಬಲ ಬರುತ್ತದೆ, ಅವನ ಪರವಾನಗಿ ನಿಂತರೂ ನಿಲ್ಲಬಹುದು. ಮೇಲಾಗಿ ಆ ಚಿಲ್ಲರಿನ ವಿಷಯವನ್ನು ನನ್ನನ್ನು ನಂಬಿ ಹೇಳಿದವನು ಅವನೇ. ಅರ್ಜಿ ಕೊಡುವ ಮೊದಲು ಅವನಿಗೊಂದು ಮಾತು ಹೇಳಿ, ಮುಖ್ಯರಸ್ತೆಯಲ್ಲಿ ಜಾಗ ಹುಡುಕಲು ಸಾಧ್ಯವೇ ಎಂದು ಕೇಳಬೇಕು, ಅಲ್ಲಿನ ಬಾಡಿಗೆ ಅವನ ಕೈಗೆಟುಕುತ್ತದೆಯೋ ಇಲ್ಲವೋ