ಪ್ಯಾಲೇಸ್ ಗ್ರೌಂಡ್ಸಿನಲ್ಲಿ ಐರನ್ ಮೇಡನ್

ನಿಕೋ ಮೆಕ್‌ಬ್ರೇನ್ ಇನ್ನು ಟೂರ್‌ಗೆ ಬರುವುದಿಲ್ಲ ಅನ್ನುವ ಸುದ್ದಿ 2024ರ ಡಿಸೆಂಬರ್‌ನಲ್ಲಿ ಬಂತು. ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ಡ್ರಮ್ಮರ್, ಆಗ 72 ವರ್ಷ. 2023ರ ಜನವರಿಯಲ್ಲಿ ಸ್ಟ್ರೋಕ್ ಆಗಿ ಬಲಗೈ ಸ್ವಾಧೀನ ತಪ್ಪಿತ್ತು. ಅದೇ ವರ್ಷ ಮೇ ತಿಂಗಳ ಹೊತ್ತಿಗೆ ಮತ್ತೆ ಡ್ರಮ್ ಮುಂದೆ ಕೂತಿದ್ದ ಮನುಷ್ಯ ಅವರು. ಸುದ್ದಿ ಓದಿದ ರಾತ್ರಿ ಅಟ್ಟದಿಂದ ಹಳೇ ಡಬ್ಬ ಇಳಿಸಿ, ಟಿಕೆಟ್ ಹುಡುಕಿ ತೆಗೆದೆ. ಅಕ್ಷರ ಮಾಸಿದೆ. ಆದರೆ ತಾರೀಖು ನೋಡಿಯೇ ಗೊತ್ತಾಗಬೇಕು ಅಂತ ಏನಿಲ್ಲ. 2007, ಮಾರ್ಚ್ 17, ಶನಿವಾರ.

ಈ ಬ್ಯಾಂಡ್ ನನಗೆ ಸಿಕ್ಕಿದ್ದು ಅರಸೀಕೆರೆಯಲ್ಲಿ. ದೊಡ್ಡಪ್ಪನ ಮಗ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಹಾಸ್ಟೆಲಿನಲ್ಲಿ ಯಾರದ್ದೋ ಕ್ಯಾಸೆಟ್‌ನಿಂದ ತುಂಬಿಸಿಕೊಂಡು ಬಂದಿದ್ದ ಟೇಪನ್ನು ಬೇಸಿಗೆ ರಜೆಯಲ್ಲಿ ನನಗೆ ಕೇಳಿಸಿದ. ನಾನು ಕನ್ನಡ ಮೀಡಿಯಂ. ಹಾಡಿನ ಒಂದು ಸಾಲೂ ಅರ್ಥವಾಗಲಿಲ್ಲ. ಆದರೆ 'ಫಿಯರ್ ಆಫ್ ದ ಡಾರ್ಕ್' ಶುರುವಿನ ಗಿಟಾರ್ ಇದೆಯಲ್ಲ, ಅದು ಎರಡೇ ದಿನಕ್ಕೆ ಬಾಯಿಗೆ ಬಂತು. ಅಣ್ಣ ಅಂಗಡಿ ಶಟರ್ ಎಳೆಯುತ್ತಾ ಅದನ್ನೇ ಗುನುಗುತ್ತಿದ್ದ, ನಾನು ನೀರು ಸೇದುತ್ತಾ.

ಹನ್ನೊಂದು ವರ್ಷ ಆದಮೇಲೆ ಅವರೇ ಬೆಂಗಳೂರಿಗೆ ಬಂದರು. ಭಾರತದಲ್ಲಿ ಅವರ ಮೊದಲ ಶೋ ಅದು, 'ಎಡ್‌ಫೆಸ್ಟ್' ಅಂತ ಹೆಸರು. ನಾವಿಬ್ಬರೂ ಹೋಗಬೇಕಿತ್ತು. ಅಷ್ಟರಲ್ಲಿ ದೊಡ್ಡಪ್ಪನಿಗೆ ಹುಷಾರು ತಪ್ಪಿ, ಅಂಗಡಿ ನೋಡಿಕೊಳ್ಳಲು ಅಣ್ಣ ಊರಲ್ಲೇ ಉಳಿದ. "ನೀನು ಹೋಗು, ಕೇಳಿಸ್ಕೊಂಡು ಬಂದು ಹೇಳು" ಅಂದ.

ಮಧ್ಯಾಹ್ನ ಮೂರಕ್ಕೇ ಮೇಖ್ರಿ ಸರ್ಕಲ್ ಕಡೆಯಿಂದ ನಡೆದು ಹೋದೆ. ಮಾರ್ಚ್ ಬಿಸಿಲು, ಕೆಂಪು ಧೂಳು, ಎಲ್ಲಿ ನೋಡಿದರೂ ಕಪ್ಪು ಟೀ ಶರ್ಟ್. ಪಕ್ಕದಲ್ಲಿ ನಿಂತವರಲ್ಲಿ ಒಬ್ಬರು ಶಿಲ್ಲಾಂಗ್‌ನಿಂದ ರೈಲಿನಲ್ಲಿ ಬಂದಿದ್ದರು. ತಂದಿದ್ದ ಕಿತ್ತಳೆ ಹಣ್ಣು ಬಿಡಿಸಿ ನನಗೂ ಎರಡು ತೊಳೆ ಕೊಟ್ಟರು.

ಮೊದಲು ಬಾರಿಸಿದ್ದು ದೆಹಲಿಯ ಪರಿಕ್ರಮ. ಅವರ ಬ್ಯಾಂಡಿನಲ್ಲಿ ವಯೊಲಿನ್ ಉಂಟು, ಅದು ಅಷ್ಟು ಜೋರು ಗದ್ದಲದಲ್ಲೂ ಚೆನ್ನಾಗಿ ಎದ್ದು ಕೇಳುತ್ತಿತ್ತು. ಅದೇ ಜೂನ್‌ನಲ್ಲಿ ಇಂಗ್ಲೆಂಡಿನ ಡೌನ್‌ಲೋಡ್ ಫೆಸ್ಟಿವಲ್‌ನಲ್ಲೂ ಅವರು ಬಾರಿಸಿ ಬಂದರು. ಆಮೇಲೆ ಲಾರೆನ್ ಹ್ಯಾರಿಸ್ ಹಾಡಿದಳು. ಮೇಡನ್ ಕಟ್ಟಿದ ಸ್ಟೀವ್ ಹ್ಯಾರಿಸ್‌ನ ಮಗಳು. ಸಂಜೆ ಮಗಳು ಹಾಡಿದ ವೇದಿಕೆಗೇ ರಾತ್ರಿ ಅಪ್ಪ ಬಂದ.

ಆ ಅಪ್ಪನನ್ನು ನಾನು ಹತ್ತಿರದಿಂದ ನೋಡಿದೆ. ನೂಕುನುಗ್ಗಲಲ್ಲಿ ಮುಂದೆ ಮುಂದೆ ಹೋಗಿ ಕೊನೆಗೆ ಕಬ್ಬಿಣದ ಬೇಲಿಯಿಂದ ನಾಲ್ಕೈದು ಸಾಲು ಹಿಂದೆ ನಿಂತಿದ್ದೆ. ಸ್ಟೀವ್‌ಗೆ ಆ ವಾರವಷ್ಟೇ 51 ತುಂಬಿತ್ತು. ಎಡಗಾಲನ್ನು ಮುಂದಿನ ಸ್ಪೀಕರ್ ಮೇಲೆ ಇಟ್ಟು, ಬೇಸ್ ಗಿಟಾರನ್ನು ಬಂದೂಕಿನ ಹಾಗೆ ನಮ್ಮ ಕಡೆ ತಿರುಗಿಸಿ ಹಿಡಿಯುತ್ತಿದ್ದರು. ತಂತಿ ಮೀಟುವ ಪ್ಲೆಕ್ಟ್ರಮ್ ಇಲ್ಲ, ಬರೀ ಬೆರಳು. ಆ ಬೆರಳುಗಳು ತಂತಿಯ ಮೇಲೆ ಕುದುರೆ ಓಡಿದ ಹಾಗೆ ಓಡುತ್ತಿದ್ದವು. ಟೇಪಿನಲ್ಲಿ ಕೇಳಿದಾಗ ಎರಡು ಗಿಟಾರ್ ಸೇರಿ ಮಾಡುವ ಸದ್ದು ಅಂದುಕೊಂಡಿದ್ದೆ. ಅಲ್ಲ, ಒಂದೇ ಕೈ. ಇನ್ನೊಂದು ವಿಷಯ ಟೇಪಿನಲ್ಲಿ ಗೊತ್ತಾಗುವುದೇ ಇಲ್ಲ. ಸ್ಟೀವ್ ಎದುರು ಮೈಕ್ ಇಲ್ಲದಿದ್ದಾಗಲೂ ಅವರ ತುಟಿ ಪ್ರತಿ ಸಾಲನ್ನೂ ಹಾಡುತ್ತಿತ್ತು. ಯಾರಿಗೂ ಕೇಳಿಸದ ಹಾಡು. ಎಷ್ಟೋ ವರ್ಷದಿಂದ ಬಾರಿಸಿದ ಹಾಡನ್ನು ಇವತ್ತೇ ಕಲಿತವರ ಹಾಗೆ ಹಾಡುತ್ತಿದ್ದರು.

ಹಾಡುವ ಬ್ರೂಸ್ ಡಿಕಿನ್ಸನ್ ಒಂದು ಕಡೆ ನಿಂತವರೇ ಅಲ್ಲ. ಗಿಟಾರ್ ಹಿಡಿದ ಮೂವರು, ಡೇವ್ ಮರ್ರೆ, ಏಡ್ರಿಯನ್ ಸ್ಮಿತ್, ಯಾನಿಕ್ ಗೆರ್ಸ್, ಮೂವರಿಗೂ ಐವತ್ತು. ಡೇವ್ ಮುಖದ ನಗು ಕೊನೆವರೆಗೂ ಇಳಿಯಲಿಲ್ಲ. ನಿಕೋಗೆ ಆಗ 54. ಡ್ರಮ್‌ಗಳ ಕೋಟೆ ಹಿಂದೆ ಕೂತಿದ್ದರಿಂದ ಮುಖ ಅಷ್ಟಾಗಿ ಕಾಣಲೇ ಇಲ್ಲ. ಒಂದೊಂದು ಸಲ ಕೋಲು ಮೇಲೆದ್ದಾಗ ಕೈ ಕಾಣುತ್ತಿತ್ತು. ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್‌ಗೆ ಅವರದ್ದು ಒಂದೇ ಪೆಡಲ್. ಬೇರೆ ಮೆಟಲ್ ಡ್ರಮ್ಮರ್‌ಗಳು ಎರಡು ಕಾಲಲ್ಲಿ ಮಾಡುವ ಕೆಲಸವನ್ನು ಇವರು ಒಂದೇ ಬಲಗಾಲಲ್ಲಿ ಮಾಡುತ್ತಾರೆ. ನನ್ನ ಎದೆಗೆ ಬಂದು ಬಡಿಯುತ್ತಿದ್ದುದು ಆ ಕಾಲು.

ಆಮೇಲೆ ಆ ಹಾಡು ಬಂತು.

ಗಿಟಾರ್ ಮೆಲ್ಲಗೆ ಶುರುವಾಯಿತು, ಅಷ್ಟೂ ಜನ ಗಿಟಾರಿನ ಜೊತೆ ಹಾಡಿದರು. ಪದ ಅಲ್ಲ, ಟ್ಯೂನ್. ಓ ಓ ಅಂತ, ಬರೀ ಸ್ವರ. ಮಿಜೋರಾಂನವರು, ತಮಿಳರು, ಮಲಯಾಳಿಗಳು, ನಾನು, ಎಲ್ಲರ ಬಾಯಲ್ಲೂ ಅದೇ. ನಾನು ಅರಸೀಕೆರೆಯಲ್ಲಿ ಇಂಗ್ಲಿಷ್ ಬಾರದ ಕಾರಣಕ್ಕೆ ಹಾಗೆ ಗುನುಗುತ್ತಿದ್ದೆ, ಅಲ್ವಾ? ಇಲ್ಲಿ ಇಂಗ್ಲಿಷ್ ಬರುವವರೂ ಹಾಗೇ ಹಾಡುತ್ತಿದ್ದರು. ಅದನ್ನು ಹಾಡುವ ರೀತಿಯೇ ಅದು ಅಂತ ಅವತ್ತು ತಿಳಿಯಿತು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಕೈ ಎತ್ತುವಷ್ಟು ಜಾಗವೂ ಇರಲಿಲ್ಲ.

ಹೇಗೋ ಜೇಬಿನಿಂದ ನೋಕಿಯಾ ತೆಗೆದು ಅಣ್ಣನಿಗೆ ಫೋನ್ ಮಾಡಿದೆ. ಅಷ್ಟು ಜನರ ಮಧ್ಯೆ ಸಿಗ್ನಲ್ ಸಿಕ್ಕಿದ್ದೇ ಹೆಚ್ಚು. ಮಾತಾಡಲಿಲ್ಲ. ಫೋನನ್ನು ತಲೆ ಮೇಲೆ ಎತ್ತಿ ಹಿಡಿದೆ, ಹಾಡು ಮುಗಿಯುವವರೆಗೆ. ಕೆಳಗಿಳಿಸಿ ನೋಡಿದರೆ ಕರೆನ್ಸಿ ಖಾಲಿಯಾಗಿ ಕಟ್ ಆಗಿತ್ತು.

ಹೊರಗೆ ಬಂದಾಗ ಬಾಯಿ ಒಣಗಿ ಮಾತೇ ಹೊರಡುತ್ತಿರಲಿಲ್ಲ. ಬಳ್ಳಾರಿ ರಸ್ತೆಯ ತುಂಬಾ ಜನ, ಇನ್ನೂ ಅದೇ ಟ್ಯೂನ್. ಅವತ್ತು ವರ್ಲ್ಡ್ ಕಪ್‌ನಲ್ಲಿ ಬಾಂಗ್ಲಾದೇಶದ ಮೇಲೆ ನಮ್ಮ ಮೊದಲ ಮ್ಯಾಚ್ ಇತ್ತು, ವೆಸ್ಟ್ ಇಂಡೀಸ್‌ನಲ್ಲಿ. ದ್ರಾವಿಡ್ ಕ್ಯಾಪ್ಟನ್. ಬೇರೆ ದಿನ ಆಗಿದ್ದರೆ ಟಿವಿ ಮುಂದಿನಿಂದ ನಾನು ಏಳುತ್ತಲೇ ಇರಲಿಲ್ಲ. ಒಂದೂವರೆ ಕೇಳಿದ ಆಟೋ ಹತ್ತಿ ರೂಮು ಸೇರಿದೆ. ನಮ್ಮವರು 191ಕ್ಕೆ ಆಲೌಟ್ ಆಗಿದ್ದು, ಸೋತಿದ್ದು, ಎಲ್ಲ ತಿಳಿದದ್ದು ಬೆಳಿಗ್ಗೆ.

ಬೆಳಿಗ್ಗೆ ಕರೆನ್ಸಿ ಹಾಕಿಸಿ ಅಣ್ಣನಿಗೆ ಮೊದಲು ಫೋನ್ ಮಾಡಿದೆ.

"ಏನಾದ್ರೂ ಕೇಳಿಸ್ತಾ?"

"ಬರೀ ಗಾಳಿ ಸದ್ದು ಕಣೋ, ಜನ ಕೂಗೋದು. ಮಧ್ಯೆ ಒಂದು ಸಲ ಮಾತ್ರ ಆ ಟ್ಯೂನ್ ಬಂತು. ಟಿವಿ ಆಫ್ ಮಾಡಿಬಿಟ್ಟೆ."

"ಮ್ಯಾಚ್?"

"ಆಮೇಲೆ ಹಾಕ್ಲೇ ಇಲ್ಲ."