ಇಂಟರ್ನೆಟ್ ಅಳೆಯೋದ್ಯಾಕೆ, ಮಾಡಿದವ್ರನ್ನೇ ಕೇಳ್ಬಾರ್ದಾ?

ನೆಟ್‌ವರ್ಕ್ ಸೆಕ್ಯುರಿಟಿ, ಇಂಟರ್ನೆಟ್ ಅಳತೆ, ಇದೇ ನನ್ನ ರಿಸರ್ಚು ಅಂದ ತಕ್ಷಣ ಜನ ಎರಡೇ ಪ್ರಶ್ನೆ ಕೇಳ್ತಾರೆ. ಮೊದಲ್ನೇದು "ಹ್ಯಾಕಿಂಗಾ?" ಅಂತ, ಅಲ್ಲ ಅಂದ್ರೆ ಸ್ವಲ್ಪ ಬೇಜಾರಾಗಿ ಸುಮ್ನಾಗ್ತಾರೆ. ಎರಡ್ನೇದು ಒಬ್ಬೊಬ್ರು ಒಂದೊಂದು ಥರ ಕೇಳ್ತಾರೆ, ನಮ್ಮ ಚಿಕ್ಕಪ್ಪ ಕೇಳಿದಷ್ಟು ನೇರವಾಗಿ ಯಾರೂ ಕೇಳಿಲ್ಲ. "ಅಲ್ವೋ ಮಗ, ಅದೇನು ಕಾಡಾ ಸಮುದ್ರನಾ ಅಳೆಯೋಕೆ? ಮನುಷ್ಯರೇ ಕಟ್ಟಿದ್ದು ತಾನೆ? ಕಟ್ಟಿದವ್ರನ್ನ ಕೇಳಿದ್ರೆ ಆಯ್ತಪ್ಪ, ಅದಕ್ಕೆ ಆರು ವರ್ಷ ಪಿಎಚ್‌ಡಿ ಯಾಕೆ?"

ಚಿಕ್ಕಪ್ಪ ಊರಲ್ಲಿ ನೀರು ಬಿಡೋ ಕೆಲ್ಸ ಮಾಡಿ ರಿಟೈರ್ ಆದವ್ರು. "ನಮ್ಮೂರ ಪೈಪ್‌ಲೈನ್ ಮ್ಯಾಪ್ ಎಲ್ಲಿದೆ ಚಿಕ್ಕಪ್ಪ?" ಅಂದೆ. ನಕ್ಕುಬಿಟ್ರು. ಹಳೇ ಲೈನ್ ಹಾಕ್ಸಿದವ್ರು ಈಗ ಇಲ್ಲ, ಆಮೇಲೆ ಬಂದ ಒಬ್ಬೊಬ್ಬ ಕಂಟ್ರಾಕ್ಟರೂ ತನಗೆ ತೋಚಿದ ಕಡೆ ಜಾಯಿಂಟ್ ಹೊಡ್ದಿದಾನೆ, ಒಂದು ವಾಲ್ವ್ ತಿರುಗ್ಸಿ ಯಾವ ಬೀದಿಲಿ ನೀರು ನಿಂತಿದೆ ಅಂತ ಸೈಕಲ್ಲಲ್ಲಿ ಹೋಗಿ ನೋಡ್ಕೊಂಡು ಬರೋದೇ ಮ್ಯಾಪು. ನಾನೂ ಅದನ್ನೇ ಮಾಡೋದು, ಸೈಕಲ್ ಇಲ್ಲ ಅಷ್ಟೆ.

ಇಂಟರ್ನೆಟ್ ಅಂತ ನಾವು ಒಂದೇ ಹೆಸರಲ್ಲಿ ಕರೀತೀವಿ, ಒಳಗೆ ನೋಡಿದ್ರೆ 70 ಸಾವಿರಕ್ಕೂ ಹೆಚ್ಚು ಬೇರೆ ಬೇರೆ ನೆಟ್‌ವರ್ಕ್‌ಗಳು, ಒಬ್ಬೊಬ್ರಿಗೂ ತಮ್ಮ ಅಂಗಳ ಮಾತ್ರ ಗೊತ್ತು, ಪಕ್ಕದವ್ರ ಜೊತೆ ಏನು ಒಪ್ಪಂದ ಅಂತ ಕೇಳಿದ್ರೆ ವ್ಯಾಪಾರದ ಗುಟ್ಟು, ಹೇಳಲ್ಲ. ನಾನು ಈ ದಾರಿಗೆ ಬಿದ್ದಿದ್ದೇ ಒಂದಿನ ಹಾಸ್ಟೆಲಲ್ಲಿ ಬೇಜಾರಾಗಿ ಟ್ರೇಸ್‌ರೂಟ್ ಹೊಡೆದಾಗ. ಪ್ಯಾಕೆಟ್, ಅಂದ್ರೆ ನಾವು ಕಳ್ಸೋ ಮಾಹಿತಿಯ ಒಂದು ಪುಟ್ಟ ತುಂಡು, ಯಾವ ದಾರೀಲಿ ಹೋಗುತ್ತೆ ಅಂತ ತೋರ್ಸೋ ಪ್ರೋಗ್ರಾಂ ಅದು, ವ್ಯಾನ್ ಜೇಕಬ್ಸನ್ ಅನ್ನೋರು ಬರೆದಿದ್ದು, ಅದರ ಟ್ರಿಕ್ ಭಾರಿ ಚೆನ್ನಾಗಿದೆ. ಪ್ರತಿ ಪ್ಯಾಕೆಟ್ ಮೇಲೂ ಒಂದು ಸಂಖ್ಯೆ ಇರುತ್ತೆ, ದಾರೀಲಿ ಸಿಗೋ ಪ್ರತಿ ರೂಟರ್ರೂ (ಪ್ಯಾಕೆಟ್ಟನ್ನ ಮುಂದಕ್ಕೆ ದಾಟ್ಸೋ ಡಬ್ಬಿ) ಅದರಲ್ಲಿ ಒಂದು ಕಳೀತಾ ಹೋಗುತ್ತೆ, ಸೊನ್ನೆ ಆದ ಜಾಗದಲ್ಲಿ ಪ್ಯಾಕೆಟ್ ಸಾಯುತ್ತೆ, ಆಗ ಅಲ್ಲಿನ ರೂಟರ್ "ನಿಮ್ಮದು ಇಲ್ಲಿ ತೀರ್ಕೊಂಡ್ತು" ಅಂತ ವಾಪಸ್ ಸುದ್ದಿ ಕಳ್ಸುತ್ತೆ. ಹಂಗಾಗಿ ಬೇಕಂತಲೇ 1 ಅಂತ ಬರೆದು ಒಂದು ಕಳ್ಸು, 2 ಅಂತ ಬರೆದು ಇನ್ನೊಂದು ಕಳ್ಸು, ಸಾವಿನ ಸುದ್ದಿ ಬಂದ ಕಡೆಗಳನ್ನೆಲ್ಲ ಸಾಲಾಗಿ ಜೋಡ್ಸಿದ್ರೆ ದಾರಿ ಕಾಣುತ್ತೆ. ಬೆಂಗಳೂರಿಂದ ಮೈಸೂರಲ್ಲಿರೋ ಗೆಳೆಯನ ಮಷೀನಿಗೆ ಹೊಡ್ದೆ. ಸುದ್ದಿ ವಾಪಸ್ ಬರೋಕೆ ಮೂರ್ನೇ ಸಾಲಿನವರೆಗೂ 3 ಮಿಲಿಸೆಕೆಂಡ್ ಇದ್ದಿದ್ದು ನಾಲ್ಕನೇದಕ್ಕೆ 25 ಆಯ್ತು, ರೂಟರ್ ಹೆಸರಲ್ಲಿ ಮುಂಬೈ ಅಂತಿತ್ತು. ಪಕ್ಕದ ಮೈಸೂರಿಗೆ ಹೋಗೋಕೆ ಮುಂಬೈಗೆ ಹೋಗಿ ಬಂದಿದೆ ಪ್ಯಾಕೆಟ್ಟು! ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ ಅಂದ್ರೆ ಯಾರೂ ನಂಬಲ್ಲ.

ಆಮೇಲೆ ಗೊತ್ತಾಯ್ತು, ಇದನ್ನ ವರ್ನ್ ಪ್ಯಾಕ್ಸನ್ ಅನ್ನೋ ಸಂಶೋಧಕರು ಅಮೆರಿಕದಲ್ಲಿ 1990ರ ದಶಕದಲ್ಲೇ ದೊಡ್ಡದಾಗಿ ಮಾಡಿದ್ರು, 37 ಜಾಗಗಳ ನಡುವೆ ಸುಮಾರು 40 ಸಾವಿರ ಸಲ. 1995ರ ಕೊನೆಯ ಹೊತ್ತಿಗೆ ಅವ್ರು ಅಳೆದ ದಾರಿಗಳಲ್ಲಿ ಅರ್ಧದಷ್ಟಕ್ಕೆ ಹೋಗೋ ದಾರಿ ಬೇರೆ ಬರೋ ದಾರಿ ಬೇರೆ, ನಡುವೆ ಸಿಗೋ ಊರುಗಳಲ್ಲಿ ಒಂದಾದ್ರೂ ಬೇರೆ. ಕಟ್ಟಿದವ್ರನ್ನ ಕೇಳಿದ್ರೆ ಇದು ಸಿಗ್ತಿತ್ತಾ?

ಸೆಕ್ಯುರಿಟಿ ಕಡೆ ಬಂದ್ರೆ ಕೇಳೋದು ಇನ್ನೂ ಕಷ್ಟ, ದಾಳಿ ಮಾಡಿದವ್ನು ಹೇಳಲ್ಲ, ದಾಳಿಗೆ ಸಿಕ್ಕಿದ ಕಂಪನಿ ಮರ್ಯಾದೆಗೆ ಅಂಜಿ ಹೇಳಲ್ಲ. 2001ಕ್ಕೆ ಮುಂಚೆ, ಸರ್ವರ್ ಮುಳುಗ್ಸೋ ದಾಳಿಗಳು ದಿನಕ್ಕೆಷ್ಟು ಆಗ್ತವೆ ಅಂದ್ರೆ ಎಲ್ರದ್ದೂ ಬಾಯಿಲೆಕ್ಕ. ಸ್ಯಾನ್ ಡಿಯೇಗೋದಲ್ಲಿ ಡೇವಿಡ್ ಮೂರ್, ಜೆಫ್ರಿ ವೋಲ್ಕರ್, ಸ್ಟೆಫಾನ್ ಸ್ಯಾವೇಜ್ ಒಂದು ಉಪಾಯ ಮಾಡಿದ್ರು, ನನ್ನ ಪ್ರಕಾರ ಈ ಫೀಲ್ಡಲ್ಲೇ ಅಂಥ ಇನ್ನೊಂದು ಉಪಾಯ ಬಂದಿಲ್ಲ. ಸ್ಕೂಲಲ್ಲಿ ಪತ್ರಲೇಖನ ನೆನಪಿದ್ಯಲ್ಲ, "ಇಂದ", "ಗೆ". ಪ್ಯಾಕೆಟ್ ಮೇಲೂ ಹಂಗೇ ಎರಡು ವಿಳಾಸ ಇರುತ್ತೆ. ಒಬ್ಬ ಕಿಡಿಗೇಡಿ ಒಂದು ಅಂಗಡಿಗೆ ಲಕ್ಷ ಕಾಗದ ಬರೀತಾನೆ ಅಂದ್ಕೊಳ್ಳಿ, ಸಿಕ್ಕಿಬೀಳ್ಬಾರ್ದು ಅಂತ ಪ್ರತಿಯೊಂದರ "ಇಂದ" ಜಾಗದಲ್ಲೂ ಬಾಯಿಗೆ ಬಂದ ಸುಳ್ಳು ವಿಳಾಸ. ಅಂಗಡಿಯವ್ನು ಪಾಪ ಎಲ್ಲದಕ್ಕೂ ಉತ್ತರ ಬರೀತಾನೆ, ಉತ್ತರಗಳೆಲ್ಲ ಸಂಬಂಧವೇ ಇಲ್ಲದ ಮನೆಗಳಿಗೆ ಹೋಗಿ ಬೀಳ್ತವೆ. ಇವ್ರ ಹತ್ರ ಇದ್ದಿದ್ದು ಹೆಚ್ಚುಕಮ್ಮಿ ಯಾರೂ ವಾಸ ಇಲ್ಲದ ಒಂದು ಬಡಾವಣೆ, ಇಂಟರ್ನೆಟ್ಟಿನ ಒಟ್ಟು ವಿಳಾಸಗಳಲ್ಲಿ 256ರಲ್ಲಿ ಒಂದು ಪಾಲು, ಸುಮಾರು 1.68 ಕೋಟಿ ವಿಳಾಸ. ಖಾಲಿ ಮನೆಗೆ ಉತ್ತರ ಬಂದಿದೆ ಅಂದ್ರೆ ಯಾರೋ ಸುಳ್ಳು ಬರೆದಿದಾನೆ ಅಂತಲೇ ಅರ್ಥ, 256ರಿಂದ ಗುಣ್ಸಿದ್ರೆ ದಾಳಿ ಎಷ್ಟು ದೊಡ್ಡದು ಅಂತಾನೂ ಅಂದಾಜು ಸಿಗುತ್ತೆ. 2001ರ ಫೆಬ್ರವರಿಯ ಮೂರು ವಾರದಲ್ಲಿ 12 ಸಾವಿರಕ್ಕೂ ಹೆಚ್ಚು ದಾಳಿ, 5 ಸಾವಿರಕ್ಕೂ ಹೆಚ್ಚು ಗುರಿಗಳು. ಯಾರಿಗೂ ಫೋನ್ ಮಾಡ್ಲಿಲ್ಲ, ಒಂದು ಪ್ಯಾಕೆಟ್ಟೂ ಕಳ್ಸ್ಲಿಲ್ಲ, ಖಾಲಿ ಮನೆ ಟಪಾಲು ಡಬ್ಬಿ ಎಣಿಸಿದ್ರು ಅಷ್ಟೆ.

ನಾವು ಸುಮ್ನೆ ಕೂತು ನೋಡೋದೂ ಇದೆ, ಬಾಗ್ಲು ತಟ್ಟಿ ನೋಡೋದೂ ಇದೆ, ಅಂದ್ರೆ ಒಂದೊಂದು ವಿಳಾಸಕ್ಕೂ ಪ್ಯಾಕೆಟ್ ಕಳ್ಸಿ ಉತ್ತರ ಬರುತ್ತಾ ಅಂತ ನೋಡೋದು. ಹಳೇ ಮಾದರಿಯ ವಿಳಾಸಗಳು ಒಟ್ಟು 2ರ 32ನೇ ಘಾತ, ಅಂದ್ರೆ ಸುಮಾರು 429 ಕೋಟಿ. 2013ರಲ್ಲಿ ಮಿಶಿಗನ್ ಯೂನಿವರ್ಸಿಟಿಯವ್ರು ಝೀಮ್ಯಾಪ್ ಅಂತ ಟೂಲ್ ಮಾಡಿ, ಒಂದೇ ಕಂಪ್ಯೂಟರಿಂದ, ಒಂದು ಗಿಗಾಬಿಟ್ ಲೈನಲ್ಲಿ, 45 ನಿಮಿಷದೊಳಗೆ ಅದರಲ್ಲಿ ಸಾರ್ವಜನಿಕವಾಗಿರೋ ಅಷ್ಟೂ ಬಾಗ್ಲು ತಟ್ಟಬಹುದು ಅಂತ ತೋರ್ಸಿದ್ರು. ಸಾಲಾಗಿ ತಟ್ಟಿದ್ರೆ ಒಂದೇ ಬೀದಿಯವ್ರ ಮೇಲೆ ಒಟ್ಟಿಗೆ ಬಿದ್ದಂಗಾಗುತ್ತಲ್ಲ, ಅದಕ್ಕೆ ಎಲ್ಲಾನೂ ಕಲಸಿ ಅಲ್ಲೊಂದು ಇಲ್ಲೊಂದು ತಟ್ಟೋ ಲೆಕ್ಕ ಅದರೊಳಗೇ ಇದೆ.

ತಟ್ಟಿ ಏನ್ ಸಿಗುತ್ತೆ? ಅದಕ್ಕೆ ಹಿಂದಿನ ವರ್ಷ, 2012ರಲ್ಲಿ, ನಾಡಿಯಾ ಹೆನಿಂಗರ್ ಮತ್ತೆ ಅದೇ ಮಿಶಿಗನ್‌ನವ್ರು ಮಾಡಿದ್ದು ಕೇಳಿ. ಬ್ರೌಸರ್‌ನ ಬೀಗದ ಹಿಂದೆ ಇರೋ ಸಾರ್ವಜನಿಕ ಕೀಲಿ ಅಂದ್ರೆ ಆಗ ಹೆಚ್ಚಾಗಿ ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ, ಅದನ್ನ ಒಡೆಯೋಕಾಗಲ್ಲ ಅನ್ನೋದೇ ಭದ್ರತೆ. ಆದ್ರೆ ಎರಡು ಮಷೀನ್‌ಗಳು ಆಕಸ್ಮಾತ್ ಒಂದೇ ಅವಿಭಾಜ್ಯ ಸಂಖ್ಯೆ ಆರಿಸ್ಕೊಂಡಿದ್ರೆ, ಎರಡೂ ಕೀಲಿಗಳ ಮ.ಸಾ.ಅ. ತೆಗೆದ್ರೆ ಸಾಕು, ಹೌದು, ಮಿಡ್ಲ್ ಸ್ಕೂಲಲ್ಲಿ ಲ.ಸಾ.ಅ. ಜೊತೆ ಗಲಿಬಿಲಿ ಮಾಡ್ಕೊಂಡು ಏಟು ತಿಂದ ಅದೇ ಮ.ಸಾ.ಅ., ಕ್ಷಣದಲ್ಲಿ ಎರಡೂ ಒಡೆದೋಗ್ತವೆ. ಊರೆಲ್ಲ ಬಾಗ್ಲು ತಟ್ಟಿ ಕೀಲಿಗಳನ್ನ ತಂದು ಮ.ಸಾ.ಅ. ತೆಗೆದ್ರೆ, ನೋಡಿದ ವೆಬ್ ಮಷೀನ್‌ಗಳಲ್ಲಿ 0.50 ಪರ್ಸೆಂಟಿನ ಗುಟ್ಟಿನ ಕೀಲಿ ಸಿಕ್ಕೇಬಿಡ್ತು, 64 ಸಾವಿರದಷ್ಟು. ಹೆಚ್ಚಿನವು ರೂಟರ್, ಕಾವಲು ಕಾಯೋ ಫೈರ್‌ವಾಲ್ ಥರದ ಡಬ್ಬಿಗಳು, ಆನ್ ಆದ ತಕ್ಷಣ, ಇನ್ನೂ ಸರಿಯಾಗಿ ಕಣ್ಣು ಬಿಡೋ ಮುಂಚೆನೇ, ಕೀಲಿ ಮಾಡ್ಕೊಂಡಿದ್ವು, ಹಂಗಾಗಿ ಯಾದೃಚ್ಛಿಕವಾಗಿ (ರ್‍ಯಾಂಡಮ್ ಆಗಿ) ಆರಿಸ್ಬೇಕಾದ ಸಂಖ್ಯೆ ಯಾದೃಚ್ಛಿಕ ಆಗಿರ್ಲಿಲ್ಲ. ಒಂದೇ ಡಬ್ಬಿ ಬಿಚ್ಚಿ ನೋಡಿದ್ರೆ ಈ ತಪ್ಪು ಕಾಣಲ್ಲ, ಎಲ್ಲಾನೂ ಒಟ್ಟಿಗೆ ಇಟ್ಟಾಗಲೇ ಕಾಣೋದು. ತಯಾರಿಸಿದವ್ರಿಗೇ ಗೊತ್ತಿರ್ಲಿಲ್ಲ ಚಿಕ್ಕಪ್ಪ!

ಬಾಗ್ಲು ತಟ್ಟಿದ್ರೆ ಬೈಸ್ಕೊಳ್ಳೋದೂ ಇದೆ. ನನ್ನ ಸ್ಕ್ಯಾನ್ ಮಷೀನಿನ ವಿಳಾಸದಲ್ಲೇ ಒಂದು ಪೇಜ್ ಇಟ್ಟಿದೀನಿ, ನಾವ್ಯಾರು, ಏನ್ ನೋಡ್ತಿದೀವಿ, ಬೇಡ ಅಂದ್ರೆ ಈ ಮೇಲ್‌ಗೆ ತಿಳ್ಸಿ ಅಂತ, ಮೇಲ್ ಬಂದ ದಿನವೇ ಅವ್ರ ಹೆಸರು ಲಿಸ್ಟಿಂದ ಔಟ್. ತಟ್ಟೋದು ಬೇರೆ, ಒಳಗೆ ನುಗ್ಗೋದು ಬೇರೆ. 2012ರಲ್ಲಿ ಯಾರೋ ಅನಾಮಿಕರು ಪಾಸ್‌ವರ್ಡ್ ಬದಲಾಯಿಸದ ಸುಮಾರು 4.2 ಲಕ್ಷ ಡಬ್ಬಿಗಳೊಳಗೆ ನುಗ್ಗಿ ಅವುಗಳಿಂದಲೇ ಇಡೀ ಇಂಟರ್ನೆಟ್ ಎಣಿಸಿ ಆಮೇಲೆ ಡೇಟಾ ಹಂಚಿದ್ರು. ಬಾಯಲ್ಲಿ ನೀರೂರೋ ಡೇಟಾ, ನಾನಂತೂ ಮುಟ್ಲಿಲ್ಲ.

ಇನ್ನು ನನ್ನ ಸ್ವಂತ ಸಾಧನೆ. ಒಂದು ವರ್ಷ, ವೈರಸ್ ಹತ್ತಿದ ಡಬ್ಬಿಗಳು ತಿಂಗಳಲ್ಲಿ ಎಷ್ಟು ಜಾಸ್ತಿ ಆದ್ವು ಅಂತ ಎಣಿಸಿ ಗ್ರಾಫ್ ಹಾಕ್ದೆ, ನೋಡೋಕೇ ಖುಷಿ ಆಗೋ ಏರು. ಲ್ಯಾಬಿನ ಜೂನಿಯರ್ ಒಬ್ಳು "ಸರ್, ಇವ್ರ ಮನೆ ಐಪಿ ವಿಳಾಸ ದಿನಾ ಬದಲಾಗುತ್ತಲ್ವಾ?" ಅಂದ್ಳು. ಮುಗೀತು. ಒಂದೇ ಡಬ್ಬಿಯನ್ನ ಮೂವತ್ತು ಸಲ ಎಣಿಸಿದ್ದೆ, ಇನ್ನೊಂದು ಕಡೆ ಮೊಬೈಲ್ ನೆಟ್‌ವರ್ಕಲ್ಲಿ ನೂರಾರು ಫೋನ್ ಒಂದೇ ಐಪಿ ಹಿಂದೆ ಇರೋದನ್ನ ಒಂದು ಅಂತ ಎಣಿಸಿದ್ದೆ. ಮೂರು ತಿಂಗಳ ಕೆಲ್ಸ ಹೊಳೇಲಿ ಹುಣಸೆಹಣ್ಣು. ಈ ಫೀಲ್ಡಿಗೆ ಬರ್ಬೇಕು ಅನ್ನೋರಿಗೆ ಇದನ್ನೇ ಹೇಳೋದು, ಅಳೆಯೋದು ಹತ್ತು ದಿನ, ಅಳೆದದ್ದು ಏನು ಅಂತ ತಿಳ್ಕೊಳ್ಳೋದು ಆರು ತಿಂಗಳು, ಪ್ರೋಗ್ರಾಮಿಂಗ್ ಕಲಿತೇ ಕಲೀತೀರ, ಸ್ಟ್ಯಾಟಿಸ್ಟಿಕ್ಸ್ ಬಿಡ್ಬೇಡಿ.

ಚಿಕ್ಕಪ್ಪ ಎಲ್ಲಾ ಕೇಳಿ, "ಸರಿ, ನಮ್ಮನೆ ವೈಫೈ ಸಾಯಂಕಾಲ ಯಾಕೆ ಸತ್ತೋಗುತ್ತೆ ಹೇಳು, ಕಂಪನಿಯವ್ನಿಗೆ ಎರಡ್ ಸಲ ಬೈದಿದೀನಿ" ಅಂದ್ರು. ಲ್ಯಾಪ್‌ಟಾಪ್ ತೆಗೆದು ಪಿಂಗ್ ಹೊಡ್ದೆ. ಮನೆ ರೂಟರಿಗೆ ಹೋಗಿ ಬರೋಕೇ 180 ಮಿಲಿಸೆಕೆಂಡ್, ಅಂದ್ರೆ ಪ್ಯಾಕೆಟ್ ಇನ್ನೂ ಹೊಸಿಲೇ ದಾಟಿಲ್ಲ. ಎದ್ದು ನೋಡಿದ್ರೆ ರೂಟರ್ ಅಟ್ಟದ ಮೇಲೆ, ಅಕ್ಕಿ ತುಂಬಿದ ಸ್ಟೀಲ್ ಡ್ರಮ್ಮಿನ ಹಿಂದೆ. "ಇಲಿ ವೈರ್ ಕಡಿಯುತ್ತೆ ಅಂತ ನಾನೇ ಅಲ್ಲಿಟ್ಟೆ ಕಣೋ" ಅಂತ ಚಿಕ್ಕಮ್ಮ ಅಡುಗೆಮನೆಯಿಂದ ಕೂಗಿದ್ರು.